ಕುಕ್ಕರ್ ಕೂಗಿದಾಗ ಕೆಳಗಿಡಬಹುದಾ? ಹೊಸ ಕೈಕೆಲಸ ಆರಿಸಿಕೊಳ್ಳುವವರಿಗೆ

ಹೊಸದಾಗಿ ಏನಾದರೂ ಕೈಕೆಲಸ ಕಲಿಯಬೇಕು ಅಂತ ಹೊರಟವರು ಮೊದಲು ನೋಡುವುದು ಮುಗಿದ ವಸ್ತುವನ್ನು. ಯಾರೋ ಹೆಣೆದ ಚೀಲ, ಯಾರದೋ ಸೆರಗಿನ ಮೇಲಿನ ಕಸೂತಿ, ಚಕ್ರದ ಮೇಲೆ ತಿರುಗುತ್ತಾ ಎದ್ದು ಬರುವ ಮಣ್ಣಿನ ಬಟ್ಟಲು. ಕಣ್ಣಿಗೆ ಚೆನ್ನಾಗಿ ಕಂಡಿದ್ದನ್ನೇ ಆರಿಸುತ್ತೇವೆ. ಸಾಮಾನು ತರುತ್ತೇವೆ. ಮೂರು ವಾರ ಕಳೆಯುವ ಹೊತ್ತಿಗೆ ಅದೆಲ್ಲ ಕವರಿನೊಳಗೆ ಸೇರಿ ಬೀರುವಿನ ಮೇಲೆ ಹೋಗಿರುತ್ತದೆ. ನನಗೆ ಎರಡು ಸಲ ಹೀಗೆ ಆಗಿದೆ. ಎರಡು ಸಲವೂ ಕೆಲಸ ಕಷ್ಟ ಅಂತ ಬಿಟ್ಟಿದ್ದಲ್ಲ. ನನ್ನ ದಿನಕ್ಕೂ ಆ ಕೆಲಸಕ್ಕೂ ಹೊಂದಿರಲಿಲ್ಲ, ಅಷ್ಟೇ.

ಹಾಗಾಗಿ ಈಗ ಯಾರಾದರೂ "ಯಾವುದು ಸುಲಭ?" ಅಂತ ಕೇಳಿದರೆ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ನೀವು ಕೂತು ಮಾಡ್ತಿದ್ದೀರಿ, ಒಳಗೆ ಕುಕ್ಕರ್ ಮೂರನೇ ಸಲ ಕೂಗಿತು. ಕೈಯಲ್ಲಿರುವುದನ್ನು ಹಾಗೇ ಕೆಳಗಿಟ್ಟು ಎದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ ಅನ್ನುವ ಕೆಲಸಗಳಿವೆ. ಲೆಕ್ಕ ತಪ್ಪುತ್ತದೆ ಅನ್ನುವ ಕೆಲಸಗಳಿವೆ. ಎರಡೂ ಕೈ ಮಣ್ಣಾಗಿ ಏಳುವುದಕ್ಕೇ ಆಗದ ಕೆಲಸಗಳೂ ಇವೆ. ಇದು ಗೊತ್ತಾದರೆ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ.

ಒಂದು ಕೆಲಸ ಮಾಡಿ. ಒಂದು ವಾರ ನಿಮ್ಮ ಬಿಡುವನ್ನು ಗಮನಿಸಿ. ಬಿಡುವು ಎಷ್ಟಿದೆ ಅನ್ನುವುದಕ್ಕಿಂತ ಹೇಗೆ ಸಿಗುತ್ತದೆ ಅನ್ನುವುದು ಮುಖ್ಯ. ಕೆಲವರಿಗೆ ಅದು ಚೂರುಚೂರಾಗಿ ಸಿಗುತ್ತದೆ: ಬಸ್ಸಿನಲ್ಲಿ 20 ನಿಮಿಷ, ಮಗುವಿನ ಡ್ಯಾನ್ಸ್ ಕ್ಲಾಸಿನ ಹೊರಗೆ ಅರ್ಧ ಗಂಟೆ, ಅನ್ನ ಆಗುವವರೆಗೆ 10 ನಿಮಿಷ. ಇನ್ನು ಕೆಲವರಿಗೆ ವಾರವೆಲ್ಲ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಭಾನುವಾರ ಮಾತ್ರ ಮೂರು ಗಂಟೆ ಒಟ್ಟಿಗೆ ಸಿಗುತ್ತದೆ. ಇವರಿಬ್ಬರಿಗೂ ಒಂದೇ ಕೆಲಸ ಹೇಳುವುದು ಸರಿಯಲ್ಲ.

ಚೂರು ಸಮಯಕ್ಕೆ ಕ್ರೋಶಾ

ಚೂರು ಸಮಯದವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಕ್ರೋಶಾ, ಅಂದರೆ ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿಯಲ್ಲಿ ದಾರ ಹೆಣೆಯುವ ಕೆಲಸ. ಕಾರಣ ಸರಳ. ಕ್ರೋಶಾದಲ್ಲಿ ಯಾವ ಹೊತ್ತಿಗೂ ಕಡ್ಡಿಯ ಮೇಲೆ ಇರುವುದು ಸಾಧಾರಣವಾಗಿ ಒಂದೇ ಒಂದು ಕುಣಿಕೆ. ಹಿಂದಿನದೆಲ್ಲ ಗಟ್ಟಿಯಾಗಿ ಕೂತಿರುತ್ತದೆ. ಏಳಬೇಕಾದಾಗ ಆ ಒಂದು ಕುಣಿಕೆಯನ್ನು ಸ್ವಲ್ಪ ಉದ್ದ ಎಳೆದು, ಅದಕ್ಕೊಂದು ಪಿನ್ ಚುಚ್ಚಿ ಎದ್ದರಾಯಿತು. ನಿಟ್ಟಿಂಗ್ ಹಾಗಲ್ಲ. ಅಲ್ಲಿ ಇಡೀ ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೇ ಇರುತ್ತವೆ. ಮನೆಯಲ್ಲಿ ಪುಟ್ಟ ಮಗುವಿದ್ದು ಅದು ಕಡ್ಡಿಯನ್ನು ಎಳೆದರೆ ಸಾಲಿಗೆ ಸಾಲೇ ಜಾರುತ್ತದೆ. ನಿಟ್ಟಿಂಗ್ ಬಟ್ಟೆ ಮೆತ್ತಗೆ, ಸ್ವೆಟರಿಗೆ ಅದೇ ಚೆಂದ, ಒಪ್ಪುತ್ತೇನೆ. ಚಳಿ ದೇಶದಲ್ಲಿರುವ ನಮ್ಮವರಿಗೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಬೆಂಗಳೂರು, ದಾವಣಗೆರೆ, ಕಲಬುರಗಿಯಲ್ಲಿ ಕೂತವರಿಗೆ ಮೊದಲ ಕೆಲಸವಾಗಿ ಕ್ರೋಶಾವೇ ವಾಸಿ.

ತಪ್ಪಾದರೂ ಭಯವಿಲ್ಲ. ದಾರ ಹಿಡಿದು ಎಳೆದರೆ ಸರಸರನೆ ಬಿಚ್ಚಿಕೊಳ್ಳುತ್ತದೆ, ಅದೇ ದಾರದಲ್ಲಿ ಮತ್ತೆ ಹೆಣೆಯಬಹುದು. ಸಾಮಾನು ಹಾಳಾಗದ ಕೆಲಸ ಹೊಸಬರಿಗೆ ದೊಡ್ಡ ಧೈರ್ಯ, ಅಲ್ವಾ?

ಶುರುವಿಗೆ 4 ಮಿಲಿಮೀಟರ್ ಕಡ್ಡಿ, ತಿಳಿ ಬಣ್ಣದ ಮಧ್ಯಮ ದಪ್ಪದ ಉಲ್ಲನ್ ಒಂದು ಉಂಡೆ. ಕಪ್ಪು ದಾರ ಬೇಡವೇ ಬೇಡ, ಕುಣಿಕೆ ಎಲ್ಲಿದೆ ಅಂತ ಕಾಣುವುದಿಲ್ಲ. ಲೇಸ್ ಹೆಣೆಯುವ ಸಣ್ಣ ಸ್ಟೀಲ್ ಕಡ್ಡಿ ಆಮೇಲೆ ತಂದರೆ ಸಾಕು. ಮೊದಲು ಚೈನ್, ಆಮೇಲೆ ಸಿಂಗಲ್, ಆಮೇಲೆ ಡಬಲ್. ಈ ಮೂರು ಹೆಣಿಗೆ ಕೈಗೆ ಬಂದರೆ ಮೇಜಿನ ಬಟ್ಟೆಯಿಂದ ಚೀಲದವರೆಗೆ ದಾರಿ ತೆರೆಯುತ್ತದೆ.

ಹೊಸಬರು ಮುಗ್ಗರಿಸುವುದು ಎರಡು ಕಡೆ. ಒಂದು, ಚೌಕ ಮಾಡಲು ಹೊರಟರೆ ಅದು ಮೇಲೆ ಹೋಗುತ್ತಾ ಕಿರಿದಾಗಿ ತ್ರಿಕೋನವಾಗುತ್ತದೆ. ಸಾಲಿನ ಕೊನೆಯ ಮನೆಯನ್ನು, ಅಂದರೆ ಕೊನೆಯ ಹೆಣಿಗೆಯನ್ನು, ಬಿಟ್ಟು ತಿರುಗುತ್ತಿರುತ್ತಾರೆ, ಅದಕ್ಕೇ ಹೀಗೆ. ಮೊದಲ ಹತ್ತು ಸಾಲು ಪ್ರತಿ ಸಲ ಎಣಿಸಿ. 15 ಇದ್ದದ್ದು 14 ಆದರೆ ಅಲ್ಲೇ ಬಿಚ್ಚಿ. ಎರಡನೆಯದು, ವಿಡಿಯೊ ನೋಡಿ ಕಲಿಯುವವರ ತೊಂದರೆ. ಅಮೆರಿಕದವರು ಸಿಂಗಲ್ ಅನ್ನುವುದನ್ನೇ ಇಂಗ್ಲೆಂಡಿನವರು ಡಬಲ್ ಅನ್ನುತ್ತಾರೆ. ಒಬ್ಬರ ವಿಡಿಯೊದಲ್ಲಿ ಅರ್ಧ, ಇನ್ನೊಬ್ಬರ ವಿಡಿಯೊದಲ್ಲಿ ಅರ್ಧ ಕಲಿತರೆ ಮಾಡಿದ ವಸ್ತುವಿನ ಅಳತೆಯೇ ಬೇರೆಯಾಗುತ್ತದೆ. ಯಾರ ಲೆಕ್ಕ ಅಂತ ಮೊದಲೇ ನೋಡಿಕೊಳ್ಳಿ.

ಇನ್ನೊಂದು ಮಾತು, ಇದು ಮುಖ್ಯ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಉಲ್ಲನ್ ಹೆಚ್ಚಾಗಿ ಅಕ್ರಿಲಿಕ್. ಬಿಸಿ ತಾಗಿದರೆ ಅದು ಕರಗುತ್ತದೆ. ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು ಅದರಲ್ಲಿ ಹೆಣೆಯಬೇಡಿ. ಅದಕ್ಕೆ ಹತ್ತಿಯ ದಾರವೇ ಆಗಬೇಕು.

ಕ್ರೋಶಾದಿಂದ ಕುಚ್ಚಿಗೆ

ಸೀರೆ ಕುಚ್ಚಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗ ಕುಚ್ಚಿನಲ್ಲಿ ಎರಡು ದಾರಿ ಇದೆ. ಒಂದು, ರೇಷ್ಮೆ ದಾರದ ಎಳೆಗಳನ್ನು ಕೂಡಿಸಿ, ಮಧ್ಯಕ್ಕೆ ಮಡಿಚಿ, ಜರಿ ಸುತ್ತಿ ಕಟ್ಟುವ ಹಳೆಯ ಕುಚ್ಚು. ಇನ್ನೊಂದು, ಸೆರಗಿನ ಅಂಚಿಗೇ ಕಡ್ಡಿ ಹಾಕಿ, ಮಣಿ ಸೇರಿಸುತ್ತಾ ಹೆಣೆಯುವ ಕ್ರೋಶಾ ಕುಚ್ಚು. ಕ್ರೋಶಾ ಬಂದವರಿಗೆ ಎರಡನೆಯದು ಒಂದೆರಡು ದಿನದಲ್ಲಿ ಕೈಗೆ ಹತ್ತುತ್ತದೆ.

ಅರ್ಧಕ್ಕೆ ಬಿಡಬಹುದಾ ಅಂದರೆ, ಕಟ್ಟುವ ಕುಚ್ಚನ್ನು ಧಾರಾಳವಾಗಿ ಬಿಡಬಹುದು. ಒಂದು ಕುಚ್ಚು ಮುಗಿದರೆ ಮುಗಿಯಿತು, ಮುಂದಿನದು ನಾಳೆ. ಆದರೆ ಸಂಖ್ಯೆ ನೋಡಿ. ಸೆರಗಿನ ಅಗಲ 45 ಇಂಚು ಅಂತ ಇಟ್ಟುಕೊಂಡರೆ, ಅರ್ಧ ಇಂಚಿಗೊಂದರಂತೆ 90 ಕುಚ್ಚು ಬರುತ್ತವೆ. ತೊಂಬತ್ತೂ ಒಂದೇ ಉದ್ದ, ಒಂದೇ ದಪ್ಪ ಇರಬೇಕು. ಮೊದಲ ಹತ್ತು ಮಾಡುವಾಗ ಖುಷಿ. ನಲವತ್ತಕ್ಕೆ ಬಂದಾಗ ಬೇಜಾರು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವಾಗ ಮನಸ್ಸು ಹಗುರ ಆಗುವವರಿಗೆ ಇದು ಹೇಳಿ ಮಾಡಿಸಿದ್ದು. ಹೊಸದು ಬೇಕು, ಹೊಸದು ಬೇಕು ಅನ್ನುವವರಿಗೆ ಅಲ್ಲ.

ಈ ಪಟ್ಟಿಯಲ್ಲಿ ಬೇಗ ಕಾಸು ತರುವ ಕೆಲಸವೂ ಇದೇ. ಒಂದು ಸೀರೆಗೆ ಚೆನ್ನಾಗಿ ಹಾಕಿದ್ದು ಕಂಡರೆ ಪಕ್ಕದ ಮನೆಯವರು ಶ್ರಾವಣಕ್ಕೆ ಮುಂಚೆಯೇ ಎರಡು ಸೀರೆ ತಂದಿಡುತ್ತಾರೆ. ಅದು ಬೇಕೋ ಬೇಡವೋ ಅಂತ ಮೊದಲೇ ಯೋಚಿಸಿ. ವರಮಹಾಲಕ್ಷ್ಮಿ ಹಬ್ಬದೊಳಗೆ ಕೊಡ್ತೀನಿ ಅಂತ ಒಪ್ಪಿಕೊಂಡ ಕ್ಷಣದಿಂದ ಅದು ಹವ್ಯಾಸವಲ್ಲ, ಕೆಲಸ. ಕೆಲವರಿಗೆ ಬೇಕಿರುವುದೇ ಅದು, ಮನೆಯಲ್ಲಿ ಕೂತು ಸಂಪಾದನೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮನಸ್ಸಿನ ನೆಮ್ಮದಿಗೆ ಅಂತ ಶುರು ಮಾಡಿದವರು ಮೊದಲ ಒಂದು ವರ್ಷ ಆರ್ಡರ್ ತಗೊಳ್ಳಬೇಡಿ ಅಂತ ನನ್ನ ಸಲಹೆ. ಮತ್ತೆ, ಮೊದಲ ಕುಚ್ಚು ಮದುವೆ ಸೀರೆಗೆ ಬೇಡ. ಹಳೆಯ ದುಪಟ್ಟಾಗೆ ಹಾಕಿ ನೋಡಿ.

ಕಸೂತಿ ಯಾರಿಗೆ?

ಬೀರುವಿನ ಮೇಲೆ ಕೂತ ನನ್ನ ಮೊದಲ ಕವರು ಕಸೂತಿಯದ್ದು. ಈಗ ನಾನು ಅತಿ ಹೆಚ್ಚು ಇಷ್ಟಪಡುವ ಕೆಲಸವೂ ಕಸೂತಿಯೇ. ಅದಕ್ಕೆ ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಧಾರವಾಡದ ಕಡೆಯ ಕಸೂತಿ ಎಣಿಕೆಯ ಕೆಲಸ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಂಡು ಹೊಲಿಯುವುದಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಾ ಹೊಲಿಗೆ ಹಾಕಬೇಕು. ಗಂಟು ಹಾಕುವಂತಿಲ್ಲ. ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತಿ. ಮೆಂತಿ ಅಂದರೆ ಮೆಂತ್ಯದ ಕಾಳಿನಂತೆ ಕಾಣುವ ಅಡ್ಡಹೊಲಿಗೆ. ನೇಗಿ ನೇಯ್ದಂತೆ ಕಾಣುತ್ತದೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಥರ ಇರಬೇಕು. ಗೋಪುರ, ತೇರು, ತುಳಸಿ ಕಟ್ಟೆ, ಆನೆ, ನವಿಲು, ತೊಟ್ಟಿಲು ಎಲ್ಲ ಈ ನಾಲ್ಕರಲ್ಲೇ ಮೂಡುತ್ತವೆ. ಇಳಕಲ್ ಸೀರೆಯ ಮೇಲೆ, ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಕೆಂಪು, ಹಸಿರು, ಕಿತ್ತಳೆ ದಾರದಲ್ಲಿ ಅವು ಎದ್ದು ಕಾಣುವುದನ್ನು ನೋಡಿದವರು ಮರೆಯುವುದಿಲ್ಲ.

ಗವಂತಿ ಹೇಗೆ ನಡೆಯುತ್ತದೆ ಅಂದರೆ, ಪೋಸ್ಟ್‌ಮ್ಯಾನ್ ಒಂದು ಬೀದಿಯಲ್ಲಿ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆಗೆ ಕಾಗದ ಹಾಕಿ, ವಾಪಸ್ ಬರುವಾಗ ಉಳಿದ ಮನೆಗಳಿಗೆ ಹಾಕಿದ ಹಾಗೆ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಖಾಲಿ ಬಿಟ್ಟಲ್ಲಿ ತುಂಬುತ್ತಾ ಬರಬೇಕು. ನೇರ ಗೆರೆಯಾದರೆ ಸುಲಭ. ಗೋಪುರವಾದರೆ ಬೀದಿಯಿಂದ ಅಡ್ಡ ಬೀದಿ, ಅಲ್ಲಿಂದ ಸಂದಿ. ಪ್ರತಿ ಸಂದಿಗೂ ಹೋಗಿ, ಅದನ್ನು ತುಂಬಿಕೊಂಡು ವಾಪಸ್ ಮುಖ್ಯ ಬೀದಿಗೆ ಬರಬೇಕು. ಸೂಜಿ ಚುಚ್ಚುವ ಮುಂಚೆಯೇ ಆ ದಾರಿ ತಲೆಯಲ್ಲಿರಬೇಕು.

ಈಗ ಕುಕ್ಕರ್ ಕೂಗಿತು ಅಂದುಕೊಳ್ಳಿ. ಬಟ್ಟೆ ಕೆಳಗಿಟ್ಟರೆ ಬಟ್ಟೆಗೇನೂ ಆಗುವುದಿಲ್ಲ. ಆದರೆ ತಲೆಯೊಳಗಿನ ದಾರಿ ಅಳಿಸಿಹೋಗುತ್ತದೆ. ವಾಪಸ್ ಬಂದು ಕೂತು ಯಾವ ಸಂದಿಯಲ್ಲಿದ್ದೆ ಅಂತ ಹುಡುಕಬೇಕು. ಒಂದು ಎಳೆ ಹೆಚ್ಚುಕಮ್ಮಿ ಆಗಿದ್ದರೆ ಆಗ ಗೊತ್ತಾಗುವುದಿಲ್ಲ, ಹತ್ತು ಹೊಲಿಗೆ ಮುಂದೆ ಹೋಗಿ ಗೋಪುರದ ಎರಡು ಬದಿ ಸೇರದೇ ಹೋದಾಗ ಗೊತ್ತಾಗುತ್ತದೆ. ಧಾರವಾಡದಲ್ಲಿ ನನಗೆ ಕಲಿಸಿದ ಅಕ್ಕನವರು ಹೇಳುತ್ತಿದ್ದರು: "ಎಣಿಕಿ ತಪ್ಪಿದ್ರ ಬಿಚ್ಚಬೇಕ್ರೀ, ಬ್ಯಾರೆ ದಾರಿ ಇಲ್ಲ. ಮುಂದ ಹೋಗಿ ಸರಿ ಮಾಡ್ತೀನಿ ಅನ್ಬ್ಯಾಡ್ರಿ." ಬಿಚ್ಚುವುದೆಂದರೆ ಕ್ರೋಶಾದ ಹಾಗೆ ಎಳೆಯುವುದಲ್ಲ. ಸೂಜಿಯ ಹಿಂಬದಿಯಿಂದ ಒಂದೊಂದೇ ಹೊಲಿಗೆ ಎತ್ತಿ ತೆಗೆಯಬೇಕು.

ಹಾಗಾದರೆ ಇದು ಯಾರಿಗೆ? ರಾತ್ರಿ ಎಲ್ಲರೂ ಮಲಗಿದ ಮೇಲೆ ಅಥವಾ ಬೆಳಗ್ಗೆ ಎಲ್ಲರೂ ಏಳುವ ಮುಂಚೆ ಯಾರೂ ಕರೆಯದ 40 ನಿಮಿಷ ಇರುವವರಿಗೆ. ದಿನಾ ಬೇಕಿಲ್ಲ, ವಾರಕ್ಕೆ ಮೂರು ಸಲ ಸಿಕ್ಕರೂ ಸಾಕು. ದಿನವೆಲ್ಲ ತಲೆ ಗಿಜಿಗಿಜಿ ಅನ್ನುವವರಿಗೆ ಇದು ಬಹಳ ಒಳ್ಳೆಯದು ಅಂತ ನನ್ನ ಅನುಭವ. ಎಣಿಸುವಾಗ ಬೇರೆ ಯೋಚನೆ ಬರಲು ಜಾಗವೇ ಇರುವುದಿಲ್ಲ. ನನ್ನ ಮೊದಲ ಪ್ರಯತ್ನ ನಿಂತುಹೋಗಿದ್ದು ಮಗಳು ಎರಡು ವರ್ಷದವಳಿದ್ದಾಗ. ಅವಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಅದೇ ಕವರು ಇಳಿಸಿ ಅದೇ ಬಟ್ಟೆ ಮುಂದುವರಿಸಿದೆ. ಬಟ್ಟೆ ಕಾದಿತ್ತು.

ಸಾಮಾನು ಕಡಿಮೆ. ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆ ಅರ್ಧ ಮೀಟರ್, ಮೊಂಡು ಮೊನೆಯ ಸೂಜಿ, ನಾಲ್ಕು ಬಣ್ಣದ ದಾರದ ಲಡಿ, ಸಣ್ಣ ಕತ್ತರಿ. ಲಡಿಯ ದಾರದಲ್ಲಿ 6 ಎಳೆ ಇರುತ್ತದೆ. ಮ್ಯಾಟಿ ಬಟ್ಟೆಗೆ 2 ಎಳೆ ಬಿಡಿಸಿಕೊಂಡರೆ ಸಾಕು. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಕೆಂಪು ದಾರವನ್ನು ಮಾತ್ರ ಮೊದಲು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ನಾನು ಆನ್‌ಲೈನಿನಲ್ಲಿ ತರಿಸಿದ ಒಂದು ಕಿಟ್ಟಿನ ಕೆಂಪು, ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಎರಡು ತಿಂಗಳ ಕೆಲಸದ ಸುತ್ತ ಗುಲಾಬಿ ಕಲೆ ಉಳಿಸಿತು. ಅಂದಿನಿಂದ ದಾರವನ್ನು ಕೈಯಲ್ಲಿ ಹಿಡಿದು ನೋಡದೆ ತಂದಿಲ್ಲ.

ರೇಷ್ಮೆ ಸೀರೆಯ ಮೇಲೆ ಹೇಗೆ ಎಣಿಸುತ್ತಾರೆ ಅಂತ ತುಂಬಾ ಜನ ಕೇಳುತ್ತಾರೆ. ಎಳೆ ಎಣಿಸಲಾಗದಷ್ಟು ನಯವಾದ ಬಟ್ಟೆಯಾದರೆ ಅದರ ಮೇಲೆ ಜಾಳುಜಾಳಾದ ಕ್ಯಾನ್ವಾಸ್ ತುಂಡನ್ನು ಟಾಕಿ ಹಾಕಿ ಕೂರಿಸಿ, ಎರಡನ್ನೂ ಸೇರಿಸಿ ಹೊಲಿದು, ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಆ ಎಳೆ ತೆಗೆಯುವಾಗ ಕೆಳಗಿನಿಂದ ತೇರು ಮೂಡಿ ಬರುತ್ತದಲ್ಲ, ಅದನ್ನು ಒಮ್ಮೆ ನೋಡಬೇಕು. ಆದರೆ ಅದು ಎರಡನೇ ವರ್ಷದ ಮಾತು. ಮೊದಲು ಮ್ಯಾಟಿ ಬಟ್ಟೆಯ ಮೇಲೆ ಒಂದು ತುಳಸಿ ಕಟ್ಟೆ ಮುಗಿಸಿ, ತಿರುಗಿಸಿ ನೋಡಿ. ಹಿಂದೆಯೂ ತುಳಸಿ ಕಟ್ಟೆಯೇ ಇದ್ದರೆ ಗವಂತಿ ಬಂತು ಅಂತ ಅರ್ಥ.

ಕಣ್ಣಿನ ವಿಷಯವನ್ನೂ ಹೇಳಬೇಕು. ನಲವತ್ತು ದಾಟಿದವರು ಓದುವ ಕನ್ನಡಕದ ನಂಬರ್ ಸರಿ ಇದೆಯಾ ಅಂತ ನೋಡಿಸಿಕೊಂಡೇ ಕಸೂತಿಗೆ ಕೂರಬೇಕು. ಟ್ಯೂಬ್‌ಲೈಟ್ ಕೆಳಗೆ ಕಪ್ಪು ಬಟ್ಟೆಯ ಎಳೆ ಎಣಿಸುವ ಸಾಹಸ ಬೇಡ. ಹಗಲು ಬೆಳಕು ಅಥವಾ ಎಡಗಡೆಯಿಂದ ಬೀಳುವ ಮೇಜಿನ ದೀಪ ಇರಲಿ. ಎಡಗೈಯವರಾದರೆ ದೀಪ ಬಲಗಡೆ.

ಜಾಗ ಇದ್ದವರಿಗೆ ಕೌದಿ

ಗದಗಿನಲ್ಲಿ ನಮ್ಮ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಬೇಸಿಗೆಯೆಲ್ಲ ಕೌದಿ, ಅಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿಯುವ ಹೊದಿಕೆ, ಹಾಸಿಕೊಂಡೇ ಇರುತ್ತಿತ್ತು. ಹೊಲದ ಕೆಲಸ ಇಲ್ಲದ ಹೊತ್ತಿನಲ್ಲಿ ಓಣಿಯ ಹೆಂಗಸರು ಬಂದು ನಾಲ್ಕು ಮೂಲೆಯಲ್ಲಿ ಕೂತು ಹೊಲಿಯುತ್ತಿದ್ದರು. ಹಳೆಯ ಸೀರೆ, ಹರಿದ ಧೋತರ, ಮಕ್ಕಳ ಲಂಗ ಎಲ್ಲ ಅದರೊಳಗೆ. ಹೊಲಿಗೆ ಒಂದೇ, ಮೇಲೆ ಕೆಳಗೆ ಹೋಗುವ ಸಾದಾ ಓಟ ಹೊಲಿಗೆ. ಒಂದು ಮಧ್ಯಾಹ್ನ ಕಲಿತರೆ ಕಲಿತಂತೆ.

ಕಲಿಯಲು ಇಷ್ಟು ಸುಲಭವಾದ ಕೆಲಸ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಮುಗಿಸಲು ಇಷ್ಟು ಹೊತ್ತು ಹಿಡಿಯುವುದೂ ಇನ್ನೊಂದಿಲ್ಲ. ಒಬ್ಬರು ಹಾಸುವಷ್ಟು ದೊಡ್ಡ ಕೌದಿಗೆ, ಒಬ್ಬರೇ ಕೂತರೆ, ತಿಂಗಳುಗಳೇ ಬೇಕು. ಅರ್ಧಕ್ಕೆ ಬಿಟ್ಟು ಏಳುವುದಕ್ಕೆ ಏನೂ ತೊಂದರೆಯಿಲ್ಲ, ಎಣಿಕೆ ಇಲ್ಲ. ಆದರೆ ಅದನ್ನು ಎಲ್ಲಿ ಬಿಟ್ಟು ಏಳುತ್ತೀರಿ? ಎರಡು ರೂಮಿನ ಫ್ಲಾಟಿನಲ್ಲಿ ಹಾಸಿದ ಕೌದಿಯನ್ನು ದಿನಾ ಸುತ್ತಿಟ್ಟು ದಿನಾ ಹಾಸುವುದೇ ಒಂದು ಕೆಲಸವಾಗುತ್ತದೆ. ನನ್ನ ಎರಡನೇ ಕವರು ಬೀರುವಿನ ಮೇಲೆ ಹೋಗಿದ್ದು ಇದೇ ಕಾರಣಕ್ಕೆ. ತೆವಳುವ ಮಗು ಇರುವ ಮನೆಯಲ್ಲಿ ನೆಲದ ಮೇಲೆ ಸೂಜಿಯ ಕೆಲಸ ಬೇಡವೇ ಬೇಡ.

ಇದಕ್ಕೊಂದು ದಾರಿ ನನಗೆ ಹೊಳೆದದ್ದು ಸಿದ್ದಿ ಹೆಂಗಸರ ಕೌದಿಗಳನ್ನು ನೋಡಿದ ಮೇಲೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಇರುವ, ಆಫ್ರಿಕಾ ಮೂಲದ ಸಿದ್ದಿ ಜನರಲ್ಲಿ ಈ ಕಲೆ ಬಹಳ ಗಟ್ಟಿ. ಅವರು ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ತುಂಡುಗಳನ್ನು ಸೇರಿಸುತ್ತಾ, ಸುತ್ತು ಹಾಕುತ್ತಾ ಹಾಕುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ತ್ರಿಕೋನವಾಗಿ ಮಡಿಚಿದ ಬಟ್ಟೆಯ ತುಂಡುಗಳನ್ನು ಹೊಲಿಯುತ್ತಾರೆ. ಅದಕ್ಕೆ ಫುಲಾ ಎಂದು ಹೆಸರು, ಅಂದರೆ ಹೂವು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬರಿ ಮೈಯಲ್ಲಿದ್ದ ಹಾಗೆ. ಹೊಲಿಯುವ ಭಾಗವನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡು ಉಳಿದಿದ್ದನ್ನು ಮಡಿಚಿಟ್ಟರೆ ನೆಲ ಅಷ್ಟಾಗಿ ಬೇಕಾಗುವುದಿಲ್ಲ ಅಂತ ನನಗೆ ಆಗ ತಿಳಿಯಿತು.

ಫ್ಲಾಟಿನವರು ಮೊದಲು ತೊಟ್ಟಿಲಿನ ಅಳತೆಯ ಕೌದಿ ಮಾಡಿ. 3 ಅಡಿ ಉದ್ದ, ಎರಡೂವರೆ ಅಡಿ ಅಗಲ. ಕುರ್ಚಿಯ ಮೇಲೆ ಕೂತೇ ಮುಗಿಸಬಹುದು. ಬಟ್ಟೆ ಹತ್ತಿಯದ್ದೇ ಇರಲಿ, ಒಗೆದು ಒಗೆದು ಮೆತ್ತಗಾದದ್ದು. ಹೊಸ ಬಟ್ಟೆ ಸೇರಿಸುವುದಾದರೆ ಮೊದಲೇ ಒಗೆದು ಒಣಗಿಸಿ, ಇಲ್ಲದಿದ್ದರೆ ಆಮೇಲೆ ಅದೊಂದೇ ಕುಗ್ಗಿ ಪಕ್ಕದ ತುಂಡುಗಳನ್ನು ಎಳೆಯುತ್ತದೆ. ಮೂರು ಪದರ ಸಾಕು. ಐದಾರು ಪದರ ಹಾಕಿದರೆ ಬೆರಳು ನೋಯುತ್ತದೆ, ನೆನೆಸಿದ ಕೌದಿ ಎತ್ತಲು ಇಬ್ಬರು ಬೇಕಾಗುತ್ತದೆ.

ಮಗುವಿಗೆ, ಮೊಮ್ಮಗುವಿಗೆ ಏನಾದರೂ ಉಳಿಯುವಂಥದ್ದು ಮಾಡಬೇಕು ಅನ್ನುವವರಿಗೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ. ತೀರಿಹೋದ ಅಜ್ಜಿಯ ಸೀರೆಯ ಒಂದು ಚೌಕ, ಮಗುವಿನ ಮೊದಲ ಅಂಗಿಯ ಒಂದು ಚೌಕ ಅಕ್ಕಪಕ್ಕ ಕೂರುವುದು ಕೌದಿಯಲ್ಲಿ ಮಾತ್ರ.

ಭಾನುವಾರದ ಕೆಲಸಗಳು

ಮಣ್ಣಿನ ಕೆಲಸ ಮೂರು ಗಂಟೆ ಒಟ್ಟಿಗೆ ಇರುವವರಿಗೆ. ಇದನ್ನು ನಡುವೆ ಬಿಟ್ಟು ಏಳುವುದು ಕಷ್ಟ. ಕೈತುಂಬ ಜೇಡಿಮಣ್ಣು, ಫೋನ್ ಬಂದರೆ ತೆಗೆಯುವಂತಿಲ್ಲ. ಬಿಟ್ಟ ಮಣ್ಣು ಒಣಗುತ್ತದೆ, ಒದ್ದೆ ಬಟ್ಟೆ ಮುಚ್ಚಿ ಪ್ಲಾಸ್ಟಿಕ್ ಸುತ್ತಬೇಕು. ಫೋನಿನಿಂದ ದೂರ ಇರಬೇಕು ಅನ್ನುವವರಿಗೆ ಇದೇ ಇದರ ದೊಡ್ಡ ಲಾಭ.

ಒಂದು ತಿಳಿದುಕೊಳ್ಳಿ. ಸುಡದ ಮಣ್ಣು ನೀರಿನಲ್ಲಿ ಕರಗುತ್ತದೆ. ಗಣೇಶನಿಗೆ ಅದು ಸರಿ, ಅದೇ ಬೇಕು. ಕಾಫಿ ಲೋಟಕ್ಕೆ ಆಗುವುದಿಲ್ಲ. ಗಾಳಿಗೆ ಒಣಗುವ ಪ್ಯಾಕೆಟ್ ಮಣ್ಣಿನಲ್ಲಿ ಮಾಡಿದ ಬಟ್ಟಲಿನಲ್ಲೂ ಊಟ ತಿಂಡಿ ಹಾಕಬಾರದು. ಊಟಕ್ಕೆ ಬರುವ ಪಾತ್ರೆ ಬೇಕೆಂದರೆ ಭಟ್ಟಿ ಇರುವ ಕಡೆಯೇ ಹೋಗಬೇಕು. ಹಾಗಾಗಿ ಚಕ್ರದ ಆಸೆ ಇದ್ದವರು ಚಕ್ರ ಕೊಳ್ಳುವ ಮೊದಲು ಎರಡು ಮೂರು ಭಾನುವಾರ ಯಾವುದಾದರೂ ಸ್ಟುಡಿಯೊದಲ್ಲಿ ದುಡ್ಡು ಕೊಟ್ಟು ಕೂತು ನೋಡಿ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಕುಂಬಾರಿಕೆ ಕಲಿಸುವ ಸರ್ಕಾರಿ ಸಂಸ್ಥೆಯೇ ಇದೆ. ಮನೆಯಲ್ಲಾದರೆ ಹಣತೆ, ಗಣೇಶ, ಹೂಜಿಯ ಆಕಾರದ ಸಣ್ಣ ಬೊಂಬೆ ಸಾಕು. ಗಣೇಶನ ಹೊಟ್ಟೆಯನ್ನು ಒಳಗೆ ಟೊಳ್ಳು ಮಾಡಿ, ದಪ್ಪ ಇದ್ದಲ್ಲಿ ಬಿರುಕು ಬಿಡುತ್ತದೆ. ಕೈ ತೊಳೆದ ನೀರು ಸಿಂಕಿಗೆ ಬೇಡ, ಪೈಪು ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ಮಣ್ಣು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಗಿಡಕ್ಕೆ ಹಾಕಿ.

ಮಕ್ಕಳ ಜೊತೆ ಕೂತು ಮಾಡಬೇಕು ಅಂದರೆ ಮಲೆನಾಡಿನ ಚಿತ್ತಾರ ಪ್ರಯತ್ನಿಸಿ. ಸಾಗರದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಯ ಹಸೆಗೋಡೆಯ ಮೇಲೆ, ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೆ ಹೆಂಗಸರು ಬರೆಯುವ ಕಲೆ ಅದು. ಕೆಮ್ಮಣ್ಣಿನ ಹಿನ್ನೆಲೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಮನೆಯಲ್ಲಿ ಕಂದು ಬಣ್ಣದ ದಪ್ಪ ಕಾಗದ, ಅಕ್ಕಿ ಹಿಟ್ಟಿನ ಬಿಳಿ, ಸಣ್ಣ ಬ್ರಶ್ ಸಾಕು. ಸುಮ್ನೆ ಗೆರೆ ಅನ್ನಿಸುತ್ತದೆ, ಆದರೆ ಪಕ್ಕಪಕ್ಕದಲ್ಲಿ ಒಂದೇ ದಪ್ಪದ ಹತ್ತು ಗೆರೆ ಎಳೆದಾಗ ಕೈಯ ನಡುಕ ಎಷ್ಟಿದೆ ಅಂತ ಗೊತ್ತಾಗುತ್ತದೆ. ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಇದು ಯಾರ ಮನೆಯ ಕಲೆ ಅಂತ ಮಕ್ಕಳಿಗೆ ಹೇಳಿಕೊಂಡೇ ಬರೆಸಿ, ಅದು ನನ್ನ ಕೋರಿಕೆ.

ಚನ್ನಪಟ್ಟಣದ ಬೊಂಬೆ ಕಲಿಯಬಹುದಾ ಅಂತಲೂ ಕೇಳುತ್ತಾರೆ. ಹಾಲೆ ಮರವನ್ನು ತಿರುಗುವ ಯಂತ್ರಕ್ಕೆ ಕೊಟ್ಟು, ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಉಳಿ, ಯಂತ್ರ, ಗುರು ಮೂರೂ ಇಲ್ಲದೆ ಆಗುವ ಕೆಲಸವಲ್ಲ. ಹೋಗಿ ನೋಡಿ ಬನ್ನಿ, ಅವರಿಂದಲೇ ಕೊಂಡು ತನ್ನಿ.

ಖರ್ಚು ಮತ್ತು ಕಿಟ್

ಕಿಟ್ ಕೊಳ್ಳಬೇಡಿ. ಡಬ್ಬಿಯಲ್ಲಿ ಹತ್ತು ಸೈಜಿನ ಕಡ್ಡಿ, ಮೂವತ್ತು ಬಣ್ಣದ ದಾರ ಚೆನ್ನಾಗಿ ಕಾಣುತ್ತವೆ, ಬೇಕಾಗುವುದು ಒಂದು ಕಡ್ಡಿ ಮತ್ತು ಒಂದು ದಾರ. ಹತ್ತಿರದ ಮ್ಯಾಚಿಂಗ್ ಸೆಂಟರ್ ಅಥವಾ ಫ್ಯಾನ್ಸಿ ಸ್ಟೋರಿನಲ್ಲಿ ಬಿಡಿಯಾಗಿ ತಗೊಳ್ಳಿ. ಬೆಂಗಳೂರಿನವರಿಗೆ ಚಿಕ್ಕಪೇಟೆಯ ಗಲ್ಲಿಗಳಿವೆ, ಆದರೆ ಮೊದಲ ದಿನವೇ ಅಲ್ಲಿಗೆ ಹೋದರೆ ಮಣಿ, ಲೇಸು ನೋಡಿ ಮನಸ್ಸು ತಡೆಯುವುದಿಲ್ಲ. ಕ್ರೋಶಾ, ಕಸೂತಿ ಯಾವುದಾದರೂ 300 ರೂಪಾಯಿಯೊಳಗೆ ಶುರುವಾಗಬೇಕು ಅನ್ನುವುದು ನಾನು ಇಟ್ಟುಕೊಂಡ ಮಿತಿ. ಕೌದಿಗೆ ಸೂಜಿ ದಾರ ಬಿಟ್ಟರೆ ಖರ್ಚೇ ಇಲ್ಲ. ಹೆಚ್ಚು ದುಡ್ಡು ಕೇಳುವುದು ಮಣ್ಣು ಮಾತ್ರ, ಅದೂ ಕ್ಲಾಸಿನ ಫೀಸು.

ಪಕ್ಕದಲ್ಲಿ ಕೂರುವವರು ಯಾರು?

ಕೊನೆಯದಾಗಿ ಇನ್ನೊಂದು ಅಳತೆಗೋಲು. ಎರಡು ಕೆಲಸಗಳ ನಡುವೆ ಮನಸ್ಸು ತೂಗುತ್ತಿದ್ದರೆ, ಯಾವುದನ್ನು ಪಕ್ಕದಲ್ಲಿ ಕೂತು ಕಲಿಸುವವರು ಇದ್ದಾರೋ ಅದನ್ನು ಆರಿಸಿ. ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಬೆರಳು ದಾರವನ್ನು ಎಷ್ಟು ಬಿಗಿ ಹಿಡಿದಿದೆ ಅಂತ ಅದಕ್ಕೆ ಕಾಣುವುದಿಲ್ಲ.

ಆ ಗುರು ಎಷ್ಟೋ ಸಲ ಮನೆಯಲ್ಲೇ ಇರುತ್ತಾರೆ, ನಾವು ಕೇಳಿರುವುದಿಲ್ಲ. ನಮ್ಮ ಅತ್ತೆ ಮೈಸೂರಿನವರು. "ನನಗೆ ಕೈಕೆಲಸ ಎಲ್ಲ ಬರಲ್ಲಮ್ಮ" ಅನ್ನುತ್ತಾರೆ. ಗೌರಿ ಹಬ್ಬಕ್ಕೆ ಹದಿನೈದು ದಿನ ಇರುವಾಗ ಅವರು ಗೆಜ್ಜೆವಸ್ತ್ರಕ್ಕೆ, ಅಂದರೆ ದೇವರಿಗೆ ಏರಿಸುವ ಹತ್ತಿಯ ಹಾರಕ್ಕೆ, ಕೂರುತ್ತಾರೆ. ಗೌರಿಗೆ 16 ಎಳೆಯದು. ಹೋದ ವರ್ಷ ನಾನೂ ಪಕ್ಕದಲ್ಲಿ ಕೂತೆ. ಹತ್ತಿಯಲ್ಲಿ ಬೀಜದ ಚೂರು, ಕಸ ಇದ್ದರೆ ಮೊದಲು ಆರಿಸಿ ತೆಗೆಯಬೇಕು. ಆಮೇಲೆ ಹತ್ತಿಯನ್ನು ಬೆರಳ ತುದಿಯಲ್ಲಿ ಹಿಂಜಿ ಹಿಂಜಿ, ಮೋಡದ ಹಾಗೆ ಹಗುರ ಮಾಡಬೇಕು. ಎಡಗೈಯಲ್ಲಿ ಹತ್ತಿ, ಬಲಗೈಯ ಹೆಬ್ಬೆರಳು ತೋರುಬೆರಳಿಗೆ ಒಂದು ಹನಿ ಹಾಲು. ಎಳೆಯುತ್ತಾ ಬಂದು, ಅರ್ಧ ಇಂಚಿಗೊಮ್ಮೆ ಎರಡು ಬೆರಳಲ್ಲಿ ಹೊಸೆದು ಚಿವುಟಿದರೆ ನಡುವೆ ಒಂದು ಗೆಜ್ಜೆ ಉಬ್ಬಿ ನಿಲ್ಲುತ್ತದೆ. ನನ್ನ ಎಳೆ ಮೂರು ಗೆಜ್ಜೆಗೇ ಹರಿಯುತ್ತಿತ್ತು. ಅತ್ತೆ ನನ್ನ ಬೆರಳು ನೋಡಿ, "ಹಾಲು ಜಾಸ್ತಿ ಆಯ್ತು, ಒರೆಸ್ಕೊ" ಅಂದರು. ಒರೆಸಿಕೊಂಡೆ. ಎಳೆ ನಿಂತಿತು.

ಈ ಕೆಲಸಕ್ಕೆ ಬೇಕಾಗುವುದು ಒಂದು ಹಿಡಿ ಹತ್ತಿ ಮತ್ತು ಒಂದು ಚಮಚ ಹಾಲು. ಕುಕ್ಕರ್ ಕೂಗಿದರೆ ತಟ್ಟೆಯಲ್ಲಿಟ್ಟು ಎದ್ದು ಹೋಗಬಹುದು. ಫ್ಯಾನ್ ಮಾತ್ರ ಆರಿಸಿರಬೇಕು.